ನೀರಿನ ಕೋಣೆಯ ಬೀಗ

ಖಾನಾಪುರ
೧೧ ಜೂನ್ ೧೯೭೮

ಶ್ರೀ ತವನಪ್ಪನವರಿಗೆ ಸೋನಾಬಾಯಿಯ ಜಯ ಜಿನೇಂದ್ರ.

ನಿಮ್ಮ ತಂಗಿ ಕಾಂತಾ ನಮ್ಮ ಸೊಸೆಯಾಗಿ ಬಂದು ಇಂದಿಗೆ ಮೂವತ್ತು ದಿನವಾಯಿತು. ತಂದೆ ಇಲ್ಲದ ಮನೆಯಲ್ಲಿ ಹಿರಿಯರಾಗಿ ನಿಂತು ಕೊಟ್ಟವರು ನೀವು, ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ. ಹುಡುಗಿಯ ಕೆಲಸ ಚೊಕ್ಕಟ, ಮಾತು ಕಡಿಮೆ. ಮಗ ತಾತ್ಯಾಸಾಹೇಬ ಹಂಚಿನ ಕಾರ್ಖಾನೆಯಿಂದ ಮೊದಲಿಗಿಂತ ಬೇಗ ಮನೆಗೆ ಬರುತ್ತಾನೆ. ಈ ವಿಷಯದಲ್ಲಿ ಇಷ್ಟು ಸಾಕು.

ಬರೆಯಬೇಕಾದ್ದು ಒಂದೇ, ನೀರು. ನಸುಕಿನಿಂದ ಹೊತ್ತು ಮುಳುಗುವವರೆಗೆ ಹದಿನಾಲ್ಕು ಚರಿಗೆ ಕುಡಿಯುತ್ತಾಳೆ. ಎಣಿಸಿದ್ದೇನೆ. ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಯಾರ ಬಾಯಿಗೂ ನೀರಿಲ್ಲ. ನಿಮ್ಮಲ್ಲೂ ಹಾಗೆಯೇ ಎಂದು ತಿಳಿದೇ ಹೆಣ್ಣು ತಂದೆವು. ಆದರೆ ಹೊತ್ತು ಮುಳುಗಿ ಗಳಿಗೆಯಾಗುವುದರೊಳಗೆ, "ಅತ್ತೀ, ಒಂದ ಗುಟುಕರೆ ಕೊಡ್ರಿ, ನಾಲಿಗಿ ಅಂಗುಳಕ್ಕ ಅಂಟೇತಿ" ಎಂದು ಬಂದು ನಿಲ್ಲುತ್ತಾಳೆ. ಬಾಜು ಮನೆಯ ಸಾತವ್ವ ನಿನ್ನೆ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ, "ಏನ್ರಿ ಬಾಯಾರ, ಸೊಸಿ ತವರಿನ ಬಾವಿ ಬತ್ತಿಸಿ ಬಂದಾಳೇನು?" ಎಂದಳು. ಎಲ್ಲರೂ ನಕ್ಕರು.

ನೀವು ಡಾಕ್ಟರು, ಕಾಲೇಜಿನಲ್ಲಿ ಮೆದುಳಿನ ಶಾಸ್ತ್ರ ಕಲಿಸುವವರು. ಇವಳು ತವರಿನಲ್ಲೂ ಹೀಗೆಯೇ ಇದ್ದಳೆ?

ಸೋನಾಬಾಯಿ

&nbsp;

ಶಹಾಪುರ, ಬೆಳಗಾವಿ
೧೯ ಜೂನ್ ೧೯೭೮

ಮಾತೋಶ್ರೀ ಸೋನಾಬಾಯಿಯವರಿಗೆ ತವನಪ್ಪನ ನಮಸ್ಕಾರಗಳು.

ನಿಮ್ಮ ಪ್ರಶ್ನೆ ಶಾಸ್ತ್ರದ್ದು. ಕನ್ನಡದಲ್ಲಿ ಮೆದುಳಿನ ಮೇಲೆ ನಾನೊಂದು ಸಣ್ಣ ಪುಸ್ತಕ ಬರೆಯುತ್ತಿರುವುದು ನಿಮಗೆ ಗೊತ್ತು. ಅದರ ಚಿತ್ರಗಳನ್ನೆಲ್ಲ ಬರೆದುಕೊಟ್ಟವಳು ಕಾಂತಾ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ದೊಡ್ಡ ಮೆದುಳಿನ ಎರಡು ಹೋಳುಗಳನ್ನು ಬೇರ್ಪಡಿಸಿದರೆ ನಡುವೆ ಆಳದಲ್ಲಿ ಒಂದು ಭಾಗ ಕಾಣುತ್ತದೆ. ಅದಕ್ಕೆ ಡೈಎನ್‌ಸೆಫಲಾನ್ ಎನ್ನುತ್ತೇವೆ. ಮಧ್ಯದಲ್ಲಿ ನೀರು ತುಂಬಿದ ಕಿರಿದಾದ ಸೀಳು, ಅದರ ಎಡಬಲಕ್ಕೆ ಪಾರಿವಾಳದ ಮೊಟ್ಟೆಯಂಥ ಎರಡು ಉಂಡೆಗಳು. ಇವು ಥಾಲಮಸ್. ಕಣ್ಣು ಕಂಡದ್ದು, ಕಿವಿ ಕೇಳಿದ್ದು, ಚರ್ಮ ಮುಟ್ಟಿದ್ದು ಎಲ್ಲವೂ ಇಲ್ಲಿ ಒಮ್ಮೆ ನಿಂತು, ಆಮೇಲೆ ಮೇಲಿನ ಮೆದುಳಿಗೆ ಹೋಗಬೇಕು. ವಾಸನೆಗೆ ಮಾತ್ರ ಈ ಕಟ್ಟಳೆ ಇಲ್ಲ. ಹಿಂಬದಿಗೆ ಜೋಳದ ಕಾಳಿನಷ್ಟು ಪೀನಿಯಲ್ ಗ್ರಂಥಿ ಇದೆ. ಹೊರಗೆ ಹಗಲೋ ಇರುಳೋ ಎಂಬುದು ತಲೆಬುರುಡೆಯೊಳಗಿನ ಆ ಕತ್ತಲಲ್ಲೂ ಅದಕ್ಕೆ ತಿಳಿಯುತ್ತದೆ. ಥಾಲಮಸ್ಸಿನ ಕೆಳಗಿರುವುದು ಹೈಪೊಥಾಲಮಸ್. ತೂಕ ನಾಲ್ಕು ಗ್ರಾಮು. ಹಸಿವು, ನಿದ್ದೆ, ಮೈಯ ಬಿಸಿ, ನೀರಡಿಕೆ ಎಲ್ಲ ಇದರ ಕೈಯಲ್ಲಿವೆ. ಇದರ ತಳದಿಂದ ಒಂದು ತೆಳುವಾದ ತೊಟ್ಟು ಇಳಿದು, ಅದರ ತುದಿಗೆ ಪಿಟ್ಯುಟರಿ ಗ್ರಂಥಿ ತೂಗುತ್ತದೆ. ಆ ತೊಟ್ಟಿನ ವಿಚಾರ ಈಗ ಬೇಡ.

ಹೊಸ ಮನೆ, ಹೊಸ ನೀರು, ಜೂನ್ ಬಂದರೂ ಹೋಗದ ಸೆಕೆ. ಇಂಥಲ್ಲಿ ನೀರಡಿಕೆ ಹೆಚ್ಚುವುದು ಸಹಜ. ತಾನಾಗಿ ಇಳಿಯುತ್ತದೆ.

ಕಿರಿಯ ತಂಗಿ ಜಿನಮತಿಗೆ ನಿಪ್ಪಾಣಿಯ ಸಂಬಂಧ ನೋಡುತ್ತಿದ್ದೇವೆ. ಅವರು ನಿಮ್ಮ ತಂಗಿಯ ಕಡೆಯವರೆಂದು ತಿಳಿದು ಸಂತೋಷವಾಯಿತು. ನಿಮ್ಮ ಒಂದು ಒಳ್ಳೆಯ ಮಾತು ನಮಗೆ ದೊಡ್ಡದು.

ತವನಪ್ಪ

&nbsp;

ಖಾನಾಪುರ
೮ ಜುಲೈ ೧೯೭೮

ಶ್ರೀ ತವನಪ್ಪನವರಿಗೆ ಜಯ ಜಿನೇಂದ್ರ.

ನಿಮ್ಮ ಪತ್ರ ಎರಡು ಸಲ ಓದಿದೆ. ತಿಳಿಯುವಂತೆ ಬರೆದಿದ್ದೀರಿ. ನಾನು ಕೇಳಿದ್ದಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಇಲ್ಲಿ ಹನ್ನೆರಡು ದಿನದಿಂದ ಬಿಡದೆ ಮಳೆ. ಅರಿವೆ ಒಣಗುವುದಿಲ್ಲ, ಸೆಕೆಯ ಹೆಸರಿಲ್ಲ. ಅವಳ ನೀರಡಿಕೆ ಮಾತ್ರ ಇಳಿದಿಲ್ಲ. ಮೊನ್ನೆ ಸಂಜೆ ಕಾರ್ಖಾನೆಯ ಬಂಡೆಪ್ಪ ಓಡಿ ಬಂದ. "ಬಾಯಾರ, ಸಣ್ಣ ಬಾಯಾರು ಮಣ್ಣ ನೆನೆ ಹಾಕೂ ಹೊಂಡದಾಗ ಬಗ್ಗಿ ನೀರ ಕುಡ್ಯಾಕತ್ತಾರ್ರಿ, ನೋಡಾಕ ಆಗವಲ್ದು" ಎಂದ. ಹೋಗಿ ನೋಡಿದೆ. ಹಂಚಿನ ಮಣ್ಣು ಕಲೆಸುವ ಹೊಂಡ ಅದು, ಆಳುಗಳು ಕಾಲು ತೊಳೆಯುವುದೂ ಅಲ್ಲೇ. ಸೋಸದ ನೀರು, ಅದರಲ್ಲಿ ಎಷ್ಟು ಜೀವ ಇದ್ದವೋ. ಗದ್ದಕ್ಕೆ ಕೆಂಪು ಮಣ್ಣು ಮೆತ್ತಿಕೊಂಡು ನನ್ನನ್ನು ನೋಡಿ, "ಸಿಟ್ಟಾಗಬ್ಯಾಡ್ರಿ ಅತ್ತಿ, ತಡೀಲಿಲ್ಲ" ಎಂದಳು. ನಾನು ಕೈ ಎತ್ತಲಿಲ್ಲ. ಎತ್ತಿದ್ದರೂ ಅವಳು ಕುಡಿಯುವುದನ್ನು ಬಿಡುತ್ತಿರಲಿಲ್ಲ ಎಂದು ಅನ್ನಿಸಿತು.

ಮನೆಯಲ್ಲಿ ಕೆಲವು ಏರ್ಪಾಡು ಮಾಡಿದ್ದೇನೆ.

ತವರಿನಲ್ಲಿ ಹೀಗಿದ್ದಳೋ ಇಲ್ಲವೋ? ಹೌದು, ಅಲ್ಲ, ಎರಡರಲ್ಲಿ ಒಂದು ಬರೆಯಿರಿ.

ಸೋನಾಬಾಯಿ

&nbsp;

ಶಹಾಪುರ
೧೭ ಜುಲೈ ೧೯೭೮

ಮಾತೋಶ್ರೀಯವರಿಗೆ ನಮಸ್ಕಾರಗಳು.

ಹೊಂಡದ ಸುದ್ದಿ ಓದಿ ನಾಚಿಕೆಯಾಯಿತು. ಅವಳ ಪರವಾಗಿ ಕ್ಷಮೆ ಕೇಳುತ್ತೇನೆ. ಮನುಷ್ಯ ಬುದ್ಧಿಯಿಂದ ನಡೆಯುತ್ತಾನೆಂದು ನಾವು ತಿಳಿದಿದ್ದೇವೆ. ಆದರೆ ಆ ನಾಲ್ಕು ಗ್ರಾಮಿನ ಭಾಗಕ್ಕೆ ನಾಚಿಕೆ ಗೊತ್ತಿಲ್ಲ, ಅತ್ತೆ ಸೊಸೆ ಗೊತ್ತಿಲ್ಲ. ರಕ್ತ ಸ್ವಲ್ಪ ಗಟ್ಟಿಯಾದರೂ ಅದು ನೀರು ಕೇಳುತ್ತದೆ.

ಚಿಕ್ಕಂದಿನಲ್ಲಿ ಅವಳು ಎಲ್ಲ ಹುಡುಗಿಯರಂತೆಯೇ ಇದ್ದಳು. ಈಚೆಗೆ ಅಭ್ಯಾಸ ಕೆಟ್ಟಿರಬಹುದು. ವೈದ್ಯಕೀಯ ಕಾರಣವೇನೂ ಇಲ್ಲ. ಆದರೂ ಹಿರಿಯರಾದ ನೀವು ಅಪ್ಪಣೆ ಕೊಟ್ಟು, ಸಂಜೆಯ ಮೇಲೂ ಅವಳಿಗೆ ನೀರು ಕೊಡಿಸಿದರೆ ಒಳ್ಳೆಯದು. ಎಷ್ಟು ಕೇಳಿದರೆ ಅಷ್ಟು.

ನಿಪ್ಪಾಣಿಯವರಿಂದ ಮಾತು ಬಂತೆ?

ತವನಪ್ಪ

&nbsp;

ಖಾನಾಪುರ
೨೧ ಆಗಸ್ಟ್ ೧೯೭೮

ಶ್ರೀ ತವನಪ್ಪನವರಿಗೆ ಜಯ ಜಿನೇಂದ್ರ.

ಕಾರಣವೇನೂ ಇಲ್ಲ, ಆದರೂ ನಿಯಮ ಮುರಿದು ಕೊಡಿ ಎನ್ನುತ್ತೀರಿ. ಕಾರಣವಿದ್ದರೆ ನಾನೇ ಎದ್ದು ಕೊಡುತ್ತಿದ್ದೆ. ರೋಗಿಗೆ ನಿಯಮವಿಲ್ಲವೆಂದು ನನಗೂ ಗೊತ್ತಿದೆ.

ಈ ಸಲ ಮಳೆಗಾಲದ ಚಾತುರ್ಮಾಸಕ್ಕೆ ಸನ್ಯಾಸಿನಿ ಮಾತಾಜಿ ನಮ್ಮ ಊರಿನ ಬಸದಿಯಲ್ಲೇ ನಿಂತಿದ್ದಾರೆ. ದಶಲಕ್ಷಣ ಪರ್ವದಲ್ಲಿ ಕಾಂತಾಳಿಂದ ಹತ್ತು ದಿನದ ಉಪವಾಸ ಮಾಡಿಸಬೇಕೆಂದಿದ್ದೇನೆ. ದಿನಕ್ಕೆ ಒಂದೇ ಹೊತ್ತು ಕಾಸಿದ ನೀರು, ಒಂದು ಲೋಟ. ಕಡೆಯ ದಿನ ಅದೂ ಇಲ್ಲ. ನಾನೂ ಮದುವೆಯಾದ ವರ್ಷ ಮಾಡಿದ್ದೆ, ಆಮೇಲೆ ನಾಲಿಗೆ ನನ್ನ ಮಾತು ಕೇಳಿತು. ಸಾತವ್ವನಂಥವರ ಬಾಯಿಗೂ ಇದೇ ಮದ್ದು.

ಮಾತಾಜಿ ಅವಳನ್ನು ಎದುರಿಗೆ ಕೂಡಿಸಿಕೊಂಡು ಕೇಳಿದರು. "ಮಗಳ, ಮೈಯಾಗ ಏನರೆ ತ್ರಾಸ ಐತೇನು? ಮುಚ್ಚಬ್ಯಾಡ. ಜಡ್ಡಿದ್ದಾವ್ರಿಗೆ ನಾ ವ್ರತ ಕೊಡೂದಿಲ್ಲ." ಇವಳು, "ಅಣ್ಣನ್ನ ಕೇಳ್ರಿ, ಅಂವ ಬರೀತಾನ" ಎಂದಳು. ತವರಿನಿಂದ ಬರವಣಿಗೆಯಲ್ಲಿ ಬರಲಿ, ಆಮೇಲೆ ವ್ರತ ಎಂದು ಮಾತಾಜಿಯ ಅಪ್ಪಣೆಯಾಗಿದೆ.

ಆದ್ದರಿಂದ ಕೇಳುತ್ತೇನೆ. ತಲೆಯದಾಗಲಿ ಮೈಯದಾಗಲಿ, ನಿಮಗೆ ತಿಳಿದಿರುವ ಕಾಯಿಲೆ ಏನಾದರೂ ಅವಳಿಗೆ ಇದೆಯೆ? ಉತ್ತರ ಬರೆಯಲು ಖಾಲಿ ಹಾಳೆಯನ್ನೂ ಜೊತೆಗಿಟ್ಟಿದ್ದೇನೆ.

ನಿಪ್ಪಾಣಿಯವರು ನಿಮ್ಮ ಮನೆತನದ ಬಗ್ಗೆ ನನ್ನನ್ನು ಕೇಳಿದ್ದಾರೆ. ಹೆಣ್ಣುಗಳು ಗಟ್ಟಿಮುಟ್ಟು ಇದ್ದಾರೆಯೆ ಎಂದೂ ಕೇಳಿದ್ದಾರೆ. ನಿಮ್ಮ ಉತ್ತರ ಬಂದ ಮೇಲೆ ಅವರಿಗೆ ಹೇಳುತ್ತೇನೆ.

ಸೋನಾಬಾಯಿ

&nbsp;

ಶಹಾಪುರ
೨೮ ಆಗಸ್ಟ್ ೧೯೭೮

ಮಾತೋಶ್ರೀಯವರಿಗೆ ನಮಸ್ಕಾರಗಳು.

ನನ್ನ ತಂಗಿ ಕಾಂತಾಳಿಗೆ ಯಾವ ಕಾಯಿಲೆಯೂ ಇಲ್ಲ.

ಮೇಲಿನ ಸಾಲನ್ನು ಮಾತಾಜಿಯವರಿಗೆ ಓದಿ ಹೇಳಬಹುದು. ಇನ್ನು ಮುಂದಿನದು ನಿಮಗೆ ಮಾತ್ರ. ಮೊದಲ ವರ್ಷವೇ ಹತ್ತು ದಿನ ಹೆಚ್ಚಾಗಲಿಲ್ಲವೆ? ಒಂದು ಹೊತ್ತಿನ ಊಟದ ವ್ರತ ಸಾಕು, ನೀರಿಗೆ ಮಿತಿ ಬೇಡ ಎಂದು ನನ್ನ ವಿನಂತಿ. ಇದು ವೈದ್ಯನಾಗಿ ಹೇಳುವ ಮಾತಲ್ಲ, ಅಣ್ಣನ ಮಾತು.

ನಿಪ್ಪಾಣಿಯವರು ಪರ್ವದ ರವಿವಾರ ಇಲ್ಲಿಯ ಬಸದಿಗೆ ಬಂದು, ಹಾಗೆಯೇ ನಮ್ಮ ಮನೆಗೂ ಬರುತ್ತೇವೆಂದು ಹೇಳಿಕಳಿಸಿದ್ದಾರೆ. ಅಂದೇ ಮಾತು ಮುಗಿದೀತು. ಅದಾದ ಮರುದಿನ ನಾನು ಖಾನಾಪುರಕ್ಕೆ ಬಂದು ನಿಮ್ಮೊಡನೆ ಬಿಚ್ಚಿ ಮಾತನಾಡುತ್ತೇನೆ.

ತವನಪ್ಪ

&nbsp;

ಖಾನಾಪುರ
೮ ಸೆಪ್ಟೆಂಬರ್ ೧೯೭೮

ಶ್ರೀ ತವನಪ್ಪನವರಿಗೆ ಜಯ ಜಿನೇಂದ್ರ.

ವ್ರತ ನಿನ್ನೆ ಶುರುವಾಯಿತು. ನಿಮ್ಮ ಮೊದಲಿನ ಸಾಲನ್ನು ಮಾತಾಜಿಗೆ ಓದಿದೆ. ಉಳಿದದ್ದನ್ನು ಓದಲಿಲ್ಲ. ವ್ರತ ಹೇಗಿರಬೇಕೆಂದು ತವರನ್ನು ಯಾರೂ ಕೇಳಿರಲಿಲ್ಲ.

ನಿನ್ನೆ ಸಂಜೆಯವರೆಗೆ ಗಟ್ಟಿಯಾಗಿ ಕುಳಿತಿದ್ದಳು. ಇವತ್ತು ಮೈ ಬಿಸಿ, ತುಟಿ ಒಡೆದಿದೆ. ಅಷ್ಟಾದರೂ ಗಳಿಗೆಗೊಮ್ಮೆ ಎದ್ದು ಹಿತ್ತಲಿಗೆ ಹೋಗುತ್ತಾಳೆ. ದಿನಕ್ಕೆ ಒಂದೇ ಲೋಟ ಕುಡಿದವಳ ಮೈಯಿಂದ ಇಷ್ಟು ನೀರು ಎಲ್ಲಿಂದ ಹೋಗುತ್ತದೆಯೋ ತಿಳಿಯದು. ನೋಡಲು ಊರೇ ಬರುತ್ತಿದೆ. ಸಾತವ್ವ ಕಾಲು ಮುಟ್ಟಿ ಹೋದಳು.

ಬೆಳಿಗ್ಗೆ ನನ್ನನ್ನು ಕೇಳಿದಳು, "ಅಣ್ಣ ಬರದಾನೇನ್ರಿ?"

"ಬರದಾನ" ಎಂದೆ.

"ಏನಂತ?"

"ಏನೂ ಜಡ್ಡಿಲ್ಲ ಅಂತ."

ನಕ್ಕಳು. ತುಟಿಯಿಂದ ರಕ್ತ ಬಂತು. ಅದರ ನಂತರ ನೀರು ಕೇಳಿಲ್ಲ. ವ್ರತ ಹಿಡಿಯಿತೆಂದು ತಿಳಿದಿದ್ದೇನೆ. ನಿಮಗೂ ಹಾಗೆಯೇ ಅನ್ನಿಸುತ್ತದೆಯೆ?

ಸೋನಾಬಾಯಿ

&nbsp;

ಖಾನಾಪುರ
೧೦ ಸೆಪ್ಟೆಂಬರ್, ರವಿವಾರ, ಬೆಳಿಗ್ಗೆ ೯
ಬಂಡೆಪ್ಪನ ಕೈಯಲ್ಲಿ, ಕಾರ್ಖಾನೆಯ ಲಾರಿ

ಕಾಂತಾಗೆ ಎಚ್ಚರವಿಲ್ಲ. ಕೈಕಾಲು ಅದುರುತ್ತಿವೆ. ಇದೇ ಲಾರಿಯಲ್ಲಿ ಬನ್ನಿ.

ಸೋನಾಬಾಯಿ

&nbsp;

ಶಹಾಪುರ
೧೦ ಸೆಪ್ಟೆಂಬರ್, ೧೦.೪೦
ಬಂಡೆಪ್ಪನ ಕೈಯಲ್ಲಿ

ಮನೆಯಲ್ಲಿ ಅತಿಥಿಗಳಿದ್ದಾರೆ, ಈಗ ಎದ್ದು ಬಂದರೆ ತಪ್ಪು ತಿಳಿಯುತ್ತಾರೆ. ತಕ್ಷಣ ನೀರು ಕುಡಿಸಿ, ಎಷ್ಟಾದರೂ ಸರಿ. ಹತ್ತಿರದ ಡಾಕ್ಟರನ್ನು ಕರೆಸಿ. ನಾನು ಸಂಜೆಯೊಳಗೆ ಬರುತ್ತೇನೆ.

ತವನಪ್ಪ

&nbsp;

ಖಾನಾಪುರ
೨ ಅಕ್ಟೋಬರ್ ೧೯೭೮

ತವನಪ್ಪನಿಗೆ,

ಇನ್ನು ನಿನ್ನನ್ನು ಬಹುವಚನದಲ್ಲಿ ಕರೆಯಲಾರೆ.

ಎಚ್ಚರವಿಲ್ಲದವರಿಗೆ ನೀರು ಹೇಗೆ ಕುಡಿಸುವುದೆಂದು ನೀನು ಆ ಚೀಟಿಯಲ್ಲಿ ಬರೆದಿರಲಿಲ್ಲ. ತಾತ್ಯಾಸಾಹೇಬ ಚಮಚದಲ್ಲಿ ಹಾಕಿದ, ಗಲ್ಲದ ಮೇಲೆ ಇಳಿದು ಹೋಯಿತು. ಡಾಕ್ಟರು ಬಂದರು. ಮೊದಲು ಏನಾದರೂ ಕಾಯಿಲೆ ಇತ್ತೆ ಎಂದು ಕೇಳಿದರು. ನಿನ್ನ ಸಾಲು ತೋರಿಸಿದೆ. "ಅಣ್ಣನೇ ಡಾಕ್ಟರ್ ಅದಾರಂದ್ರ ಮುಗೀತ್ರಿ" ಎಂದು ಉಪ್ಪು ನೀರಿನ ಬಾಟಲಿ ಏರಿಸಿದರು. ನಾಲ್ಕು ಗಂಟೆಗೆ ಹೋದಳು. ನೀನು ಐದೂವರೆಗೆ ಬಂದೆ. ಬೂಟು ಬಿಚ್ಚುವಾಗ ನಿನ್ನ ಅಂಗಿಯಿಂದ ಅತ್ತರಿನ ವಾಸನೆ ಬಂತು.

ವ್ರತದಲ್ಲಿ ಹೋದ ಪುಣ್ಯವಂತೆ ಎಂದು ಊರೆಲ್ಲ ಕೈ ಮುಗಿಯಿತು. ನೀನೂ ಮುಗಿದೆ. ಮಾತಾಜಿ ಒಬ್ಬರೇ ಮುಗಿಯಲಿಲ್ಲ. "ಯಾರೋ ಒಬ್ರು ಸುಳ್ಳ ಹೇಳ್ಯಾರ" ಎಂದಷ್ಟೇ ಹೇಳಿ ಒಳಗೆ ಹೋದರು. ಅಂದಿನಿಂದ ನಮ್ಮ ಮನೆಯ ಆಹಾರ ಸ್ವೀಕರಿಸಿಲ್ಲ.

ಹೋದ ವಾರ ಅವಳ ಟ್ರಂಕು ತೆಗೆದೆ. ಸೀರೆಗಳ ಅಡಿಯಲ್ಲಿ ಒಂದು ಚಿತ್ರವಿತ್ತು. ನೀನು ಬರೆದು ತಿಳಿಸಿದ್ದೆಲ್ಲ ಅದರಲ್ಲಿದೆ. ಎರಡು ಮೊಟ್ಟೆ, ಜೋಳದ ಕಾಳು, ಕೆಳಗಿನ ತೊಟ್ಟು. ಕೆಂಪು ಮಸಿಯಲ್ಲಿ ರಕ್ತನಾಳ. ತೊಟ್ಟಿನ ಮೇಲೆ ಅಡ್ಡ ಒಂದು ಗೆರೆ. ಅಡಿಯಲ್ಲಿ ಅವಳ ಅಕ್ಷರ. ಇದ್ದಂತೆ ಬರೆಯುತ್ತೇನೆ:

"ಅಣ್ಣನ ಸ್ಕೂಟರ್ ಮ್ಯಾಲಿಂದ ಬಿದ್ದಾಗ ಇಲ್ಲಿ ಹರದೈತಿ. ಮೂತ್ರಪಿಂಡಕ್ಕ ನೀರ ಹಿಡಕೋ ಅಂತ ಮ್ಯಾಲಿಂದ ಹೇಳಿ ಕಳಸೂ ರಸ ಇನ್ನ ಇಳಿಯೂದಿಲ್ಲ. ಕುಡದದ್ದೆಲ್ಲ ಹೊರಗ ಹೋಗತೈತಿ. ನೀರ ಸಿಗಲಿಲ್ಲಂದ್ರ ಎರಡ ದಿನ, ಬಾಳಂದ್ರ ಮೂರು ಅಂತ ಅಣ್ಣ ಹೇಳ್ಯಾನ. ಬೊಂಬಾಯಿ ಸೂಜಿ ಮದ್ದ ಐತಿ, ಅಂಗೈಯಾಗ ಬೆಚ್ಚಗ ಮಾಡಿ ಚುಚ್ಚಬೇಕು. ಲಗ್ನಾದ ಮ್ಯಾಲೆ ಅದು ಬ್ಯಾಡ, ಎಲ್ಲಾರಿಗೂ ಗೊತ್ತಾಕ್ಕೈತಿ ಅಂದಾನ. ಜಿನಮತಿ ಲಗ್ನ ಆಗೂತನಕಾ ತಡಕೋ ಅಂದಾನ. ತಡಕೋತೀನಿ."

ಆ ತೊಟ್ಟಿನ ವಿಚಾರ ಈಗ ಬೇಡ ಎಂದು ನೀನು ಜೂನಿನಲ್ಲಿ ಬರೆದದ್ದು ನನ್ನ ಹತ್ತಿರ ಇದೆ.

ನಿಪ್ಪಾಣಿಯವರಿಗೆ ಈ ಸಂಬಂಧ ಬೇಡವೆಂದು ಹೇಳಿಕಳಿಸಿದ್ದೇನೆ. ನನ್ನ ಮಗ ಮೂವತ್ತಕ್ಕೆ ಹೆಂಡತಿ ಕಳೆದುಕೊಂಡಿದ್ದಾನೆ. ಅಕ್ಕನ ಜಾಗಕ್ಕೆ ತಂಗಿಯನ್ನು ತರುವುದು ನಮ್ಮಲ್ಲಿ ಹೊಸದಲ್ಲ. ಜಿನಮತಿಯನ್ನು ಕೊಡು. ಕೊಡದಿದ್ದರೆ ಚಿತ್ರ ಮತ್ತು ನಿನ್ನ ಸಾಲು ಎರಡನ್ನೂ ನಿಮ್ಮ ಬಸದಿಯ ಪಂಚರ ಮುಂದೆ ಇಡುತ್ತೇನೆ.

ಸೋನಾಬಾಯಿ

&nbsp;

ಶಹಾಪುರ
೯ ಅಕ್ಟೋಬರ್ ೧೯೭೮

ಮಾತೋಶ್ರೀಯವರಿಗೆ,

ಆ ದಿನ ನಿಮ್ಮ ನೀರಿನ ಕೋಣೆಯ ಬಾಗಿಲಿಗೆ ಹೊಸ ಹಿತ್ತಾಳೆ ಬೀಗ ನೋಡಿದೆ. ನೀವು ಬರೆದಿದ್ದ ಏರ್ಪಾಡು ಅದೇ ಎಂದು ತಿಳಿಯಿತು. ಪಂಚರ ಮುಂದೆ ಚಿತ್ರ ಬಂದರೆ ಬೀಗವೂ ಬರುತ್ತದೆ.

ನನಗೂ ಹೇಳುವುದಿದೆ. ಆ ಸ್ಕೂಟರು ಮೂರನೆಯ ರೇಲ್ವೆ ಗೇಟಿನ ಹತ್ತಿರ ಜಾರಿತು, ನಾನೇ ಓಡಿಸುತ್ತಿದ್ದೆ. ಹಿಂದೆ ಕುಳಿತ ಅವಳ ಎರಡೂ ಕೈಯಲ್ಲಿ ನನ್ನ ತರಗತಿಯ ನಕ್ಷೆಯ ಸುರುಳಿ ಇತ್ತು. ಕೆಸರಾಗಬಾರದೆಂದು ಅದನ್ನು ಎತ್ತಿ ಹಿಡಿದೇ ಬಿದ್ದಳು. ನಕ್ಷೆಗೆ ಏನೂ ಆಗಲಿಲ್ಲ. ತಲೆಗೆ ಪೆಟ್ಟು ಬಿದ್ದು ಮೂರು ದಿನ ಎಚ್ಚರ ತಪ್ಪಿದ್ದ ಹುಡುಗಿಯೆಂದು ಗೊತ್ತಾಗಿದ್ದರೆ ನೀವು ಅವಳನ್ನು ತರುತ್ತಿದ್ದಿರಾ?

ಶನಿವಾರ ನಿಮ್ಮ ಪತ್ರ ಕೈಗೆ ಬಂದಾಗಲೇ ನನಗೆ ಎಲ್ಲ ಗೊತ್ತಾಗಿತ್ತು. ಒಂದು ದಿನ ತಡೆಯುತ್ತಾಳೆಂದು ಲೆಕ್ಕ ಹಾಕಿದೆ. ಅವಳ ರಕ್ತದಲ್ಲಿ ಉಪ್ಪು ಮೊದಲೇ ಏರಿತ್ತು, ಉಪ್ಪು ನೀರು ಏರಿಸಬಾರದಿತ್ತು, ಸಕ್ಕರೆ ನೀರು ಏರಿಸಬೇಕಿತ್ತು.

ಜಿನಮತಿಯನ್ನು ಬಿಟ್ಟುಬಿಡಿ. ಅವಳು ಇನ್ನೂ ಹತ್ತೊಂಬತ್ತರವಳು.

ತವನಪ್ಪ

&nbsp;

ಖಾನಾಪುರ
೧೪ ಅಕ್ಟೋಬರ್ ೧೯೭೮

ತವನಪ್ಪನಿಗೆ,

ನೀನು ಕೇಳಿದ್ದಕ್ಕೆ ಉತ್ತರ: ತರುತ್ತಿರಲಿಲ್ಲ. ತಂದ ಮೇಲೆ ಗೊತ್ತಾಗಿದ್ದರೆ ಬೈದು, ಅತ್ತು, ನೀರು ಕೊಡುತ್ತಿದ್ದೆ.

ಬೀಗ ನಾನೇ ಹಾಕಿದ್ದು. ಬೀಗದ ಕೈ ನನ್ನ ಸೊಂಟದಲ್ಲಿತ್ತು, ಈಗಲೂ ಇದೆ. ಪಂಚರು ಕೇಳಿದರೆ ತೆಗೆದು ತೋರಿಸುತ್ತೇನೆ. ನನಗೆ ಕೊಡಬೇಕಾದ ಹೆಣ್ಣುಮಕ್ಕಳಿಲ್ಲ, ಕಳೆದುಕೊಳ್ಳಬೇಕಾದ ನೌಕರಿಯಿಲ್ಲ. ನೀನು ಏನು ತೋರಿಸುತ್ತೀ?

ಮಾರ್ಗಶಿರದಲ್ಲಿ ಮುಹೂರ್ತವಿದೆ. ಜಿನಮತಿಗೆ ಕಾಯಿಲೆ ಏನಾದರೂ ಇದ್ದರೆ ಈಗಲೇ ಬರೆ.

ಸೋನಾಬಾಯಿ

&nbsp;

ಶಹಾಪುರ
೩೦ ಅಕ್ಟೋಬರ್ ೧೯೭೮

ಮಾತೋಶ್ರೀ ಸೋನಾಬಾಯಿಯವರಿಗೆ ತವನಪ್ಪನ ನಮಸ್ಕಾರಗಳು.

ನನ್ನ ತಂಗಿ ಜಿನಮತಿಗೆ ಯಾವ ಕಾಯಿಲೆಯೂ ಇಲ್ಲ. ಇದು ಸತ್ಯ.

ಮುಹೂರ್ತ ನಮಗೆ ಒಪ್ಪಿಗೆ. ಅಕ್ಕ ಹೇಗೆ ಹೋದಳೆಂದು ಜಿನಮತಿಗೆ ಗೊತ್ತಿಲ್ಲ. ವ್ರತದಲ್ಲಿ ಹೋದಳೆಂದೇ ನಂಬಿದ್ದಾಳೆ. ಹಾಗೆಯೇ ಇರಲಿ.

ಇನ್ನೊಂದು ವಿನಂತಿ. ಪುಸ್ತಕ ಅಚ್ಚಿಗೆ ಹೋಗುತ್ತಿದೆ. ಡೈಎನ್‌ಸೆಫಲಾನಿನ ಚಿತ್ರ ನನ್ನ ಹತ್ತಿರ ಇನ್ನೊಂದಿಲ್ಲ. ಅಷ್ಟು ಸರಿಯಾಗಿ ಬರೆಯುವ ಕೈ ಬೇರೆ ಸಿಕ್ಕಿಲ್ಲ. ದಯವಿಟ್ಟು ಅದನ್ನು ಕಳಿಸಿಕೊಡಿ. ಅಡಿಯ ಬರವಣಿಗೆಯನ್ನು ಕತ್ತರಿಸಿ ತೆಗೆದರೂ ನಡೆಯುತ್ತದೆ.

ತವನಪ್ಪ

&nbsp;

ಖಾನಾಪುರ
೧೭ ಡಿಸೆಂಬರ್ ೧೯೭೮

ತವನಪ್ಪನಿಗೆ,

ಚಿತ್ರ ಈ ಲಕೋಟೆಯಲ್ಲಿದೆ. ತೊಟ್ಟಿನ ಮೇಲಿನ ಅಡ್ಡಗೆರೆಯನ್ನು ಅಚ್ಚಿನವರಿಗೆ ಅಳಿಸಲು ಹೇಳು. ಅಡಿಯ ಬರವಣಿಗೆಯನ್ನು ಕತ್ತರಿಸಿ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ.

ಜಿನಮತಿ ಬಂದು ನಾಲ್ಕು ದಿನವಾಯಿತು. ಅಕ್ಕನಷ್ಟು ಸುಮ್ಮನಿರುವವಳಲ್ಲ, ಎಲ್ಲವನ್ನೂ ಕೇಳುತ್ತಾಳೆ. ಮೊದಲ ದಿನವೇ ನೀರಿನ ಕೋಣೆಯ ಬೀಗದ ಕೈಯನ್ನು ಅವಳ ಕೈಗೆ ಕೊಟ್ಟೆ. ತಿರುಗಿಸಿ ನೋಡಿ, "ನೀರಿಗ್ಯಾಕ್ರಿ ಅತ್ತಿ ಕೀಲಿ?" ಎಂದು ಕೇಳಿದಳು.

"ನಿಮ್ಮಣ್ಣನ್ನ ಕೇಳು, ಅಂವ ಬರೀತಾನ" ಎಂದೆ.

ದಿನಾ ಬಾಗಿಲಿಗೆ ಹೋಗಿ ಅಂಚೆಯವನನ್ನು ಕೇಳುತ್ತಿದ್ದಾಳೆ.

ಸೋನಾಬಾಯಿ